ಪಿರಿಯಾಪಟ್ಟಣದಲ್ಲಿ ಇಳಿದು

ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ಮನೆಯಿಂದ ಮಡಿಕೇರಿಗೆ ಹೆಚ್ಚುಕಡಿಮೆ 120 ಕಿಲೋಮೀಟರು. ಮೂವತ್ತು ವರ್ಷದಲ್ಲಿ ಆ ದಾರಿಯಲ್ಲಿ ಎಷ್ಟು ಸಲ ಹೋಗಿಬಂದೆನೋ ಲೆಕ್ಕವಿಟ್ಟವನಲ್ಲ. ಮದುವೆಗೆ ಹೋಗಿದ್ದೇನೆ, ಸಾವಿಗೆ ಹೋಗಿದ್ದೇನೆ, ಮಕ್ಕಳಿಗೆ ಆನೆ ತೋರಿಸಲು ದುಬಾರೆಗೆ ಹೋಗಿದ್ದೇನೆ. ಪಿರಿಯಾಪಟ್ಟಣ ಬಂದಾಗಲೆಲ್ಲ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ: ಬಸ್ಸಿನ ಕಿಟಕಿಯಿಂದ ಕೈ ಚಾಚಿ ಒಂದು ಪೊಟ್ಟಣ ಕಡಲೆಕಾಯಿ ಕೊಳ್ಳುವುದು. ಅಲ್ಲಿ ಇಳಿದು ನೋಡಬೇಕಾದದ್ದು ಏನಾದರೂ ಇದ್ದೀತು ಎಂದು ಹೊಳೆದೇ ಇರಲಿಲ್ಲ.

ಹೊಳೆಯಿಸಿದವನು ಪೊನ್ನಂಪೇಟೆ ಕಡೆಯ ನನ್ನ ಗೆಳೆಯ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಅಕ್ಕಪಕ್ಕದ ಕೌಂಟರಿನಲ್ಲಿ ಕೂತವರು ನಾವು. ಎಲ್ಲವನ್ನೂ ಮಾತಾಡುತ್ತಿದ್ದೆವು, ಒಂದನ್ನು ಬಿಟ್ಟು. ಟಿಪ್ಪುವಿನ ಹೆಸರು ಬಂದರೆ ಅವನು ಲೆಡ್ಜರಿಗೆ ತಲೆ ಬಗ್ಗಿಸುತ್ತಿದ್ದ, ನಾನು ಕಾಫಿಗೆ ಏಳುತ್ತಿದ್ದೆ. ಯಾರೂ ಬರೆದಿಟ್ಟುಕೊಳ್ಳದ ಒಪ್ಪಂದ ಅದು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿ, ನವೆಂಬರ್ 10ರಂದು ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾದ ದಿನವೂ ನಾವು ಫೋನಿನಲ್ಲಿ ಮಳೆಯ ಬಗ್ಗೆ ಮಾತಾಡಿದೆವು. 2019ರಲ್ಲಿ ಬೇರೆ ಸರ್ಕಾರ ಬಂದು ಜಯಂತಿಯನ್ನು ನಿಲ್ಲಿಸಿತು. ನಾವಿಬ್ಬರೂ ಅಷ್ಟರಲ್ಲಿ ನಿವೃತ್ತರಾಗಿದ್ದೆವು. ಹೋದ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರನ್ನು ನೋಡಲು ಬಂದು ನಮ್ಮ ಮನೆಯಲ್ಲಿ ಉಳಿದವನು, ಬೆಳಿಗ್ಗೆ ಕಾಫಿ ಕುಡಿಯುತ್ತ, ಚಿಕೋರಿ ಹೆಚ್ಚಾಯಿತೆಂದು ಎಂದಿನಂತೆ ಮೂಗು ಮುರಿದು, ಇದ್ದಕ್ಕಿದ್ದಂತೆ ಹೇಳಿದ: "ಈ ಸಲ ನನ್ನನ್ನು ಬಿಡೋಕೆ ನೀನೇ ಬಾ. ಪಿರಿಯಾಪಟ್ಟಣದಲ್ಲಿ ಇಳಿಯೋಣ. ನಮ್ಮ ರಾಜ ತಪ್ಪಿಸಿಕೊಂಡ ಊರು, ನಿಮ್ಮವರು ಕಾವಲಿಗೆ ಕೂತಿದ್ದ ಊರು."

ನಮ್ಮವರು! ನಾನು ಯಾರ ಕಡೆಯವನು ಎಂದು ಆವರೆಗೆ ಯಾರೂ ಕೇಳಿರಲಿಲ್ಲ.

ಅಪ್ಪ ಮೇಷ್ಟರಾಗಿದ್ದರು. ನಾಲ್ಕನೇ ಮೈಸೂರು ಯುದ್ಧವನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸುತ್ತಿದ್ದರು. ಮದ್ರಾಸಿನಿಂದ ಹ್ಯಾರಿಸನ ಕೆಂಪು ಬಾಣ. ಕಣ್ಣಾನೂರಿನಿಂದ ಘಟ್ಟ ಹತ್ತಿ ಬರುವ ಸ್ಟುವರ್ಟನ ಬೊಂಬಾಯಿ ಸೈನ್ಯದ ನೀಲಿ ಬಾಣ. ಎರಡೂ ಶ್ರೀರಂಗಪಟ್ಟಣದಲ್ಲಿ ಕೂಡುತ್ತಿದ್ದವು. ನೀಲಿ ಬಾಣ ಕೊಡಗಿನ ಮೇಲೆ ಹಾಯ್ದು ಬರುತ್ತಿತ್ತು, ಆದರೆ ಬೋರ್ಡಿನ ಮೇಲೆ ಕೊಡಗು ಎಂದು ಬರೆದಿರುತ್ತಿರಲಿಲ್ಲ. ಬಾಣದ ಕೆಳಗೆ ಊರುಗಳಿವೆ, ಅಲ್ಲಿನವರು ಆ ಸೈನ್ಯಕ್ಕೆ ದಾರಿ ಬಿಟ್ಟುಕೊಟ್ಟದ್ದಕ್ಕೆ ಅವರದೇ ಕಾರಣವಿತ್ತು ಎಂಬುದು ನಮ್ಮ ತರಗತಿಯಲ್ಲಿ ಯಾರ ತಲೆಗೂ ಬರಲಿಲ್ಲ. ಕೊಡಗು ಎಂದರೆ ನಮಗೆ ಕಿತ್ತಳೆ, ಜೇನುತುಪ್ಪ, ಪರೀಕ್ಷೆಯಲ್ಲಿ ಕಾವೇರಿ ಹುಟ್ಟುವ ಸ್ಥಳ.

ಹೊರಡುವ ಹೊತ್ತಿಗೆ ಗೆಳೆಯ ಬಡಾವಣೆಯ ಬೋರ್ಡು ನೋಡಿ ಈ ಕೃಷ್ಣಮೂರ್ತಿ ಯಾರು ಎಂದ. 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿ ಎಂದು ಅಪ್ಪ ಹೇಳುತ್ತಿದ್ದರು, ಪೂರ್ಣಯ್ಯನವರ ವಂಶದವರು ಎಂದೆ. ಪೂರ್ಣಯ್ಯ ಹೈದರನ ಲೆಕ್ಕ ಬರೆದವರು, ಟಿಪ್ಪುವಿನ ಖಜಾನೆ ನೋಡಿಕೊಂಡವರು, 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಕೂರಿಸಿದ ಬಾಲಕ ಕೃಷ್ಣರಾಜ ಒಡೆಯರ ಹೆಸರಿನಲ್ಲಿ 1811ರವರೆಗೆ ರಾಜ್ಯವಾಳಿದವರು. ಗೆಳೆಯ ನಕ್ಕ. "ಒಂದೇ ಮನುಷ್ಯ, ಮೂರು ಧಣಿ. ಬದುಕಲು ಬಲ್ಲವರ ಹೆಸರು ನಿಮ್ಮ ಬಡಾವಣೆಗೆ." ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಅಷ್ಟು ರಕ್ತ ಹರಿದ ಕಾಲದಲ್ಲಿ ಲೆಕ್ಕದ ಪುಸ್ತಕವನ್ನು ಒಬ್ಬರಾದರೂ ಕೈಬಿಡದೆ ಹಿಡಿದಿದ್ದರಲ್ಲ.

ಇಲವಾಲ, ಬಿಳಿಕೆರೆ ದಾಟಿ ಹುಣಸೂರು. ಇಲ್ಲಿ ಅಮೃತಮಹಲಿನ ದನಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯ ಹಸುಗಳ ಹೋರಿಗಳನ್ನು ಹೈದರ್ ಮತ್ತು ಟಿಪ್ಪು ಫಿರಂಗಿ ಎಳೆಯಲು ಪಳಗಿಸಿದರು. ಇಂಗ್ಲಿಷರು ಅದೇ ತಳಿಯನ್ನು ತಮ್ಮ ಫಿರಂಗಿಗೆ ಕಟ್ಟಿದರು. ದನಕ್ಕೆ ನೊಗ ಮುಖ್ಯ, ಧಣಿಯಲ್ಲ. ಈ ಸೀಮೆಯಲ್ಲಿ ಗಡಿಜಗಳವೆಂದರೆ ಮೊದಲಿನಿಂದಲೂ ದನದ ಜಗಳವೇ. ನಮ್ಮ ಹಳ್ಳಿಗಳ ಬಯಲಲ್ಲಿ, ದೇವಸ್ಥಾನದ ಹಿಂದೆ, ಕೆರೆ ಏರಿಯ ಮೇಲೆ ವಾಲಿಕೊಂಡು ನಿಂತಿರುವ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಯನ್ನು ಬಗ್ಗಿ ನೋಡಿ. ಎಷ್ಟೋ ಕಲ್ಲುಗಳಲ್ಲಿ ಅಲ್ಲಿ ದನಗಳಿರುತ್ತವೆ. ಶಾಸನದ ಕನ್ನಡದಲ್ಲಿ ಇದಕ್ಕೆಲ್ಲ ಒಂದೊಂದು ಖಚಿತ ಹೆಸರಿದೆ: ದನ ಹೊಡೆದುಕೊಂಡು ಹೋದರೆ ತುರುಗೋಳ್, ಊರನ್ನು ಹಾಳುಗೆಡವಿದರೆ ಊರಳಿವು, ಹೆಂಗಸರ ಮೇಲೆ ಕೈಯಿಕ್ಕಿದರೆ ಪೆಣ್ಬುಯ್ಯಲ್. ತಡೆಯಲು ಹೋಗಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ನೆತ್ತರುಗೊಡಗೆ. ಒಂದು ಭಾಷೆ ಯಾವುದಕ್ಕೆ ಇಷ್ಟು ಬಿಡಿಬಿಡಿ ಹೆಸರಿಡುತ್ತದೆ? ಪದೇಪದೇ ಆದದ್ದಕ್ಕೆ. ಆದರೆ ಕಲ್ಲು ನಿಂತಿರುವುದು ತಡೆದು ಸತ್ತವನ ಊರಿನಲ್ಲಿ. ದನ ಹೊಡೆದುಕೊಂಡು ಹೋದವನ ಊರಿನಲ್ಲಿ ಆ ಸಂಜೆ ಏನು ನಡೆಯಿತೋ ಅದರ ಕಲ್ಲು ನಾನು ಕಂಡಿಲ್ಲ.

ಪಿರಿಯಾಪಟ್ಟಣದಲ್ಲಿ ಇಳಿದಾಗ ಹತ್ತೂವರೆ. ಹೊಗೆಸೊಪ್ಪಿನ ಊರು ಇದು. ಬೇಲ್ ಹೊತ್ತ ಟೆಂಪೊಗಳು ದಾರಿಗೆ ಅಡ್ಡ ನಿಂತಿದ್ದವು. ಕೋಟೆ ಎಲ್ಲಿ ಎಂದು ಹೋಟೆಲಿನವನನ್ನು ಕೇಳಿದರೆ, ಅವನು ದೋಸೆ ಮಗುಚುತ್ತಲೇ, "ಕೋಟೆ ಏನಿಲ್ಲ ಸಾರ್, ಮಸಣಿಕಮ್ಮನ ಗುಡಿ ನೋಡ್ಕೊಂಡು ಬನ್ನಿ" ಎಂದ. ಗುಡಿಗೆ ಹೋದೆವು. ಅಮ್ಮನ ಮುಂದೆ ಒಬ್ಬಾಕೆ ಹೊಸ ಬೈಕಿನ ಕೀಲಿ ಇಟ್ಟು ಪೂಜೆ ಮಾಡಿಸುತ್ತಿದ್ದಳು. ಅಲ್ಲಿಂದ ಕೇಳಿಕೊಂಡು ನಡೆದು, ಕೊನೆಗೆ ಕೋಟೆಯ ಉಳಿಕೆ ಸಿಕ್ಕಿತು. ಸಿಕ್ಕಿದ್ದೆಂದರೆ, ಮುಳ್ಳುಪೊದೆ ಹೊದ್ದ ಒಂದು ಮಣ್ಣುದಿಬ್ಬ, ಅಲ್ಲೊಂದು ಇಲ್ಲೊಂದು ಕಲ್ಲು, ಕಂದಕವಿದ್ದಿರಬಹುದಾದ ಒಂದು ತಗ್ಗು. ತಗ್ಗಿನಲ್ಲಿ ಮೂರು ಎಮ್ಮೆ ಮೇಯುತ್ತಿದ್ದವು.

ಹೀಗೆ ಇಲ್ಲವಾಗಲು ಈ ಊರು ಮಾಡಿದ ತಪ್ಪು ಒಂದೇ, ಎರಡು ರಾಜ್ಯಗಳ ನಡುವೆ ಇದ್ದದ್ದು. ಚಂಗಾಳ್ವ ಅರಸರ ರಾಜಧಾನಿಯಾಗಿತ್ತು. 1640ರ ದಶಕದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಮುತ್ತಿಗೆ ಹಾಕಿದರು. ಇಲ್ಲಿನ ವೀರರಾಜ ಗೆಲ್ಲುವ ಆಸೆ ಬಿಟ್ಟು, ಹೆಂಡಿರು ಮಕ್ಕಳನ್ನು ತಾನೇ ಕೊಂದು, ಹೊರಗೆ ಬಂದು ಹೋರಾಡಿ ಸತ್ತ ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಒಂದೇ ವಾಕ್ಯದಲ್ಲಿ ಬರೆದು ಮುಂದಕ್ಕೆ ಹೋಗಿದ್ದಾರೆ. ಗೆಜೆಟಿಯರುಗಳ ಸ್ವಭಾವವೇ ಹಾಗೆ, ಮುಂದಿನ ಸಾಲಿನಲ್ಲಿ ಮಳೆಯ ಪ್ರಮಾಣವಿರುತ್ತದೆ. ಚಂಗಾಳ್ವರು ಹೋದಮೇಲೆ ಮೈಸೂರಿಗೂ ಕೊಡಗಿಗೂ ನಡುವೆ ಮೂರನೆಯವರಿಲ್ಲವಾದರು. ನೇರ ಮುಖಾಮುಖಿ ಶುರುವಾದದ್ದು ಆಗಲೇ. ಮೈಸೂರಿನ ದಂಡು ಆ ಕಡೆ ಹೋಗುವುದು, ಕೊಡಗಿನವರು ಈ ಕಡೆ ಇಳಿಯುವುದು. ಕಿಗ್ಗಟ್ಟುನಾಡಿನ ಪಾಲುಪಾರೆಯಲ್ಲಿ ಕೊಡಗಿನ ಹಾಲೇರಿ ಅರಸ ದೊಡ್ಡವೀರಪ್ಪ ಮೈಸೂರಿನ ದಂಡನ್ನು ಮುರಿದದ್ದನ್ನು ಗೆಳೆಯನ ಕಡೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಕಡೆ ಪಾಲುಪಾರೆ ಎಂಬ ಹೆಸರನ್ನು ಕೇಳಿದವರು ನನಗೆ ಇನ್ನೂ ಸಿಕ್ಕಿಲ್ಲ.

ದಿಬ್ಬದ ಮೇಲೆ ಕೂತು ಗೆಳೆಯ ರಾಜಕುಮಾರರ ಕಥೆ ಶುರುಮಾಡಿದ. ಅವನು ಹೇಳಿದ್ದು ಅವನ ಅಜ್ಜನಿಂದ ಕೇಳಿದ್ದು, ನಾನು ಆಮೇಲೆ ಪುಸ್ತಕಗಳಲ್ಲಿ ನೋಡಿ ಸರಿಪಡಿಸಿಕೊಂಡದ್ದು ಇಷ್ಟು. 1770ರ ಹೊತ್ತಿಗೆ ಕೊಡಗಿನ ರಾಜಮನೆತನದಲ್ಲಿ ಹಾಲೇರಿ ಮತ್ತು ಹೊರಮಲೆ ಎಂದು ಎರಡು ಕವಲು. ಪಟ್ಟ ಯಾರಿಗೆ ಎಂಬ ಜಗಳ. ಹೊರಮಲೆಯ ದೇವಪ್ಪರಾಜ ಪಟ್ಟಕ್ಕೆ ಬಂದಾಗ, ಹಾಲೇರಿಯ ಲಿಂಗರಾಜ ಘಟ್ಟ ಇಳಿದು ಶ್ರೀರಂಗಪಟ್ಟಣಕ್ಕೆ ಬಂದು ಹೈದರನ ಸಹಾಯ ಕೇಳಿದ. ಹೈದರನಿಗೆ ಆಗ ಮರಾಠರ ಕಾಟ. ಅದು ಮುಗಿದಮೇಲೆ ದಂಡು ಕಳಿಸಿದ. ದೇವಪ್ಪರಾಜ ಓಡಿದ, ಸಿಕ್ಕಿಬಿದ್ದ, ಅವನ ಮನೆತನ ಅಳಿಯಿತು. ಲಿಂಗರಾಜನಿಗೆ ಪಟ್ಟ ಸಿಕ್ಕಿತು, ಜೊತೆಗೆ ವರ್ಷವರ್ಷ ಕೊಡುವ ಕಪ್ಪವೂ. 1780ರಲ್ಲಿ ಅವನು ಸತ್ತ. ಮಕ್ಕಳು ಚಿಕ್ಕವರು, ದೊಡ್ಡವರಾಗುವ ತನಕ ನಾನು ನೋಡಿಕೊಳ್ಳುತ್ತೇನೆ ಎಂದು ಹೈದರ್ ಕೊಡಗನ್ನೇ ತೆಗೆದುಕೊಂಡ. ಮಕ್ಕಳನ್ನು ಮೊದಲು ಗೊರೂರಿನಲ್ಲಿಟ್ಟರು, ಟಿಪ್ಪುವಿನ ಕಾಲಕ್ಕೆ ಈ ಪಿರಿಯಾಪಟ್ಟಣಕ್ಕೆ ತಂದರು.

ಅಣ್ಣತಮ್ಮಂದಿರ ಜಗಳಕ್ಕೆ ಪಂಚಾಯಿತಿ ಮಾಡಲು ಬಂದವನು ಜಗಲಿಯಲ್ಲಿ ಕೂತು, ಆಮೇಲೆ ನಡುಮನೆಗೆ ಬಂದು, ಕೊನೆಗೆ ಕಣಜದ ಬೀಗದ ಕೈ ಕೇಳುವ ಕಥೆ ಇದು. ನಮ್ಮ ಹಳ್ಳಿಗಳಲ್ಲಿ ಇಂಥ ಆಸ್ತಿ ವ್ಯಾಜ್ಯಗಳನ್ನು ಎಷ್ಟು ನೋಡಿಲ್ಲ!

1788ರ ಡಿಸೆಂಬರಿನಲ್ಲಿ ಲಿಂಗರಾಜನ ಮಗ ದೊಡ್ಡವೀರರಾಜೇಂದ್ರ ತಮ್ಮಂದಿರ ಜೊತೆ ಇಲ್ಲಿಂದ ತಪ್ಪಿಸಿಕೊಂಡ. ಆಮೇಲೆ ಅವನು ಮಾಡಿದ್ದು? ಮೈಸೂರು ಸೀಮೆಗೆ ನುಗ್ಗಿ ಧಾನ್ಯ ಮತ್ತು ದನ ಹೊಡೆದುಕೊಂಡು ಹೋದದ್ದು. ಅದೇ ತುರುಗೋಳ್, ಅದೇ ಊರಳಿವು. ಹಾಗೆ ಹೋದ ದನಧಾನ್ಯ 1791ರಲ್ಲಿ ಅವನ ನಾಡಿನ ಮೂಲಕ ಟಿಪ್ಪುವಿನ ಮೇಲೆ ಬಂದ ಇಂಗ್ಲಿಷ್ ಸೇನಾಪತಿ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯದ ಹೊಟ್ಟೆಗೂ ಆಯಿತು. ಆ ಸೈನ್ಯಕ್ಕೆ ನೆಲೆ ಸಿಗಬಾರದೆಂದು ಟಿಪ್ಪು ಈ ಕೋಟೆಯನ್ನು ಕೆಡವಲು ಅಪ್ಪಣೆ ಕೊಟ್ಟ ಎಂದು ಗೆಜೆಟಿಯರು ಹೇಳುತ್ತದೆ. ಅಂದರೆ ಒಬ್ಬ ಲೂಟಿ ಮಾಡಿದ, ಇನ್ನೊಬ್ಬ ಕಾಪಾಡುವ ಬದಲು ಕೆಡವಿದ. ಇಬ್ಬರಿಗೂ ಯುದ್ಧದ ಲೆಕ್ಕದಲ್ಲಿ ಸರಿಯಾದ ಕಾರಣವಿತ್ತು. ವೀರರಾಜೇಂದ್ರ ತನ್ನ ಸಾಹಸಗಳನ್ನೆಲ್ಲ 'ರಾಜೇಂದ್ರನಾಮೆ' ಎಂದು ಬರೆಯಿಸಿದ. ಬರೆಸಿದ ಭಾಷೆ ಕನ್ನಡ. ಮೈಸೂರಿನ ಮೇಲೆ ಹಲ್ಲು ಕಡಿಯುತ್ತಿದ್ದ ಅರಮನೆಯ ಓಲೆ, ಹುಕುಮು, ಲೆಕ್ಕಪತ್ರ ಎಲ್ಲವೂ ಮೈಸೂರಿನ ಭಾಷೆಯಲ್ಲೇ. ಇದನ್ನು ಹೇಳಿದಾಗ ಗೆಳೆಯ, "ನಮ್ಮ ಕೊಡವ ತಕ್ಕಿನಲ್ಲಿ ಬೈದಿದ್ದರೆ ನಿಮಗೆ ಅರ್ಥವಾಗಬೇಕಲ್ಲ ಮಾರಾಯ" ಎಂದ.

ದಿಬ್ಬದಿಂದ ಪಶ್ಚಿಮಕ್ಕೆ ಬೆಟ್ಟಗಳ ಸಾಲು. ಅದರಲ್ಲೊಂದು ಸಿದ್ಧೇಶ್ವರದ ಬೆಟ್ಟ. 1799ರ ಮಾರ್ಚ್ 5ರಂದು ವೀರರಾಜೇಂದ್ರ ಮತ್ತು ಇಂಗ್ಲಿಷ್ ಅಧಿಕಾರಿಗಳು ಆ ಎತ್ತರದಿಂದ ಪಿರಿಯಾಪಟ್ಟಣದ ಕಡೆ ನೋಡಿದಾಗ ಬಯಲಿನಲ್ಲಿ ಡೇರೆಗಳು ಏಳುತ್ತಿದ್ದವು, ಅವುಗಳ ನಡುವೆ ಒಂದು ಹಸಿರು ಡೇರೆ. ಟಿಪ್ಪು ತಾನೇ ಬಂದಿದ್ದಾನೆ ಎಂದು ಗೊತ್ತಾದದ್ದು ಅದರಿಂದ. ಮಾರನೆಯ ದಿನ ಕಾಡಿನಲ್ಲಿ ಕಾಳಗವಾಯಿತು, ಟಿಪ್ಪು ಹಿಂದಿರುಗಿದ. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಹತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಸೆರೆಯಲ್ಲಿದ್ದವನು ಈಗ ಬೆಟ್ಟದ ಮೇಲೆ ನಿಂತು ತನ್ನ ಸೆರೆಮನೆಯನ್ನು ನೋಡುತ್ತಿದ್ದ. ಅಪ್ಪನ ನೀಲಿ ಬಾಣದ ನಡುವೆ ಅವನ ಮುಖವೂ ಇತ್ತು ಎಂದು ನನಗೆ ಗೊತ್ತಾಗಲು ಅರವತ್ತು ವರ್ಷ ಬೇಕಾಯಿತು.

ಮಧ್ಯಾಹ್ನದ ಬಸ್ಸು ಹಿಡಿದು ಬೈಲಕುಪ್ಪೆಗೆ ಬಂದೆವು. ಸುತ್ತಲಿನವರು ಕ್ಯಾಂಪ್ ಎನ್ನುತ್ತಾರೆ, ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್. 1959ರಲ್ಲಿ ದಲಾಯಿ ಲಾಮಾ ಹಿಂದೆ ಹಿಮಾಲಯ ದಾಟಿ ಬಂದ ಟಿಬೆಟಿಗರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡು ಕೊಟ್ಟಿತು. 1960-61ರಲ್ಲಿ ಮೊದಲ ತಂಡಗಳು ಬಂದು ಕಾಡು ಕಡಿದವು. ಹಿಮದ ನಾಡಿನವರಿಗೆ ಇಲ್ಲಿನ ಸೆಕೆ, ಜ್ವರ, ರಾತ್ರಿ ಆನೆ. ಇಂದು ಪ್ರವಾಸಿಗಳು ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧನ ಮುಂದೆ ಸೆಲ್ಫಿ ತೆಗೆಯುತ್ತಾರೆ. ಸ್ವೆಟರ್ ಅಂಗಡಿಯ ಅಜ್ಜಿಯೊಬ್ಬರ ಬಳಿ ಟೋಪಿಗೆ ಚೌಕಾಸಿ ಮಾಡಿದೆ. "ಆಗಕ್ಕಿಲ್ಲ ಅಣ್ಣ, ಬೋಣಿ ಟೈಮು" ಎಂದರು, ಶುದ್ಧ ಪಿರಿಯಾಪಟ್ಟಣದ ಕನ್ನಡದಲ್ಲಿ. ಲಾಸಾದಲ್ಲಿ ನಡೆದದ್ದಕ್ಕೂ ಈ ಬಯಲಿನ ಮೆಕ್ಕೆಜೋಳಕ್ಕೂ ಏನು ಸಂಬಂಧ? ಸಿಂಧನೂರಿನ ಭತ್ತದ ಗದ್ದೆಗಳ ನಡುವೆ ಬಂಗಾಳಿ ಮಾತಾಡುವ ಕ್ಯಾಂಪುಗಳಿವೆ, ಪೂರ್ವ ಪಾಕಿಸ್ತಾನ ಬಿಟ್ಟು ಬಂದವರವು. ಅವರಿಗೂ ಈ ಪ್ರಶ್ನೆ ಕೇಳಬಹುದು. ನೆರೆರಾಜ್ಯದ ಗಲಭೆ ಗಡಿಯಲ್ಲೇ ನಿಲ್ಲುವುದಿಲ್ಲ, ಸಾವಿರಾರು ಮೈಲಿ ನಡೆದು ಬಂದು ಯಾರದೋ ತಾಲ್ಲೂಕಿನಲ್ಲಿ ಅಂಗಡಿ ಇಟ್ಟು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುತ್ತದೆ. ಒಂದು ಕಾಲಕ್ಕೆ ಎರಡು ರಾಜ್ಯಗಳು ಪರಸ್ಪರ ದನ ಕದ್ದ ಈ ಗಡಿಯ ನೆಲಕ್ಕೇ ಅವರು ಬಂದು ಸೇರಿದ್ದು ಕಾಕತಾಳೀಯವಿರಬಹುದು. ಜನ ಒತ್ತಾಗಿ ನೆಲೆಸದೆ ಖಾಲಿ ಬಿದ್ದಿರುವ ನೆಲ ಗಡಿಯಲ್ಲದೆ ಇನ್ನೆಲ್ಲಿ ಸಿಕ್ಕೀತು ಎಂದೂ ಅನಿಸುತ್ತದೆ.

ಕುಶಾಲನಗರದ ಸೇತುವೆ ದಾಟಿದರೆ ಕೊಡಗು. ಟಿಪ್ಪು ಹುಟ್ಟಿದ ಸುದ್ದಿ ಕೇಳಿ ಹೈದರ್ ಇಲ್ಲಿ ಖುಷಿಪಟ್ಟ, ಅದಕ್ಕೇ ಕುಶಾಲನಗರ ಎಂಬ ಕಥೆಯನ್ನು ಗೈಡುಗಳು ಬಿಡುವುದಿಲ್ಲ. ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಆಗ ಹೈದರನಿಗೆ ಈ ಹೊಳೆಯ ದಡದಲ್ಲಿ ಯಾವ ಕೆಲಸವೂ ಇರಲಿಲ್ಲ. ಮುಂದೆ ಇಂಗ್ಲಿಷರು ತಮ್ಮ ಕರ್ನಲ್ ಫ್ರೇಸರನ ಹೆಸರಿನಲ್ಲಿ ಫ್ರೇಸರ್‌ಪೇಟೆ ಎಂದರು. ಈಗ ಮತ್ತೆ ಕುಶಾಲನಗರ.

ಮಡಿಕೇರಿಯಲ್ಲಿ ಕೊಡಗಿನ ಅರಸರ ಗದ್ದಿಗೆಗೆ ಹೋದಾಗ ಮಂಜು ಇಳಿಯುತ್ತಿತ್ತು. ಗುಮ್ಮಟ, ಮೂಲೆಗಳಲ್ಲಿ ಮಿನಾರು, ಗುಮ್ಮಟದೊಳಗೆ ಲಿಂಗಾಯತ ರಾಜ ವೀರರಾಜೇಂದ್ರನ ಸಮಾಧಿ. ಟಿಪ್ಪುವಿನ ಮೇಲೆ ಜೀವಮಾನವಿಡೀ ಕತ್ತಿ ಹಿರಿದವನ ಗೋರಿ, ಶ್ರೀರಂಗಪಟ್ಟಣದ ಗುಂಬಜಿನ ಸೋದರಸಂಬಂಧಿಯ ಹಾಗೆ ಕಾಣುತ್ತದೆ. ಇದನ್ನು ಗೆಳೆಯನಿಗೆ ಹೇಳಲು ಸ್ವಲ್ಪ ಅಂಜಿದೆ. ಅವನೇ ಹೇಳಿದ: "ಶತ್ರುವನ್ನು ಅಷ್ಟು ಹೊತ್ತು ನೋಡುತ್ತ ಕೂತರೆ ಅವನ ಹಾಗೇ ಮನೆ ಕಟ್ಟುತ್ತಾರೆ." ಪಕ್ಕದಲ್ಲಿ ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿ ಸತ್ತ ದಂಡನಾಯಕ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ. ಗೆಳೆಯ ಅಲ್ಲಿ ಚಪ್ಪಲಿ ಬಿಟ್ಟು ನಿಂತ. ನಾನೂ ಬಿಟ್ಟೆ. ಊರ ನಡುವಿನ ಕೋಟೆಯೂ ಹಾಗೆಯೇ. ಹಾಲೇರಿ ಅರಸ ಮುದ್ದುರಾಜನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು, ಅದರೊಳಗೆ ಅರಮನೆ ಕಟ್ಟಿಸಿದವನು ವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರ, ಅಲ್ಲೇ ಚರ್ಚು ಕಟ್ಟಿದವರು ಇಂಗ್ಲಿಷರು. ಚರ್ಚು ಈಗ ವಸ್ತುಸಂಗ್ರಹಾಲಯ. ಅಂಗಳದಲ್ಲಿರುವ ಎರಡು ಗಾರೆಯ ಆನೆಗಳು ಎಲ್ಲರನ್ನೂ ನೋಡಿ ಮುಗಿಸಿವೆ.

ವೀರರಾಜೇಂದ್ರನ ವಂಶ ಅವನು ಗೆದ್ದದ್ದನ್ನು ಮೂವತ್ತೈದು ವರ್ಷ ಉಳಿಸಿಕೊಂಡಿತು, ಅಷ್ಟೇ. ಅವನ ತಮ್ಮನ ಮಗ ಚಿಕ್ಕವೀರರಾಜೇಂದ್ರನ ಕಥೆ ಮಾಸ್ತಿಯವರ ಕಾದಂಬರಿ ಓದಿದವರಿಗೆಲ್ಲ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಅದರಲ್ಲಿ ಒಂದು ಘಟನೆ. 1832ರಲ್ಲಿ ರಾಜನ ತಂಗಿ ದೇವಮ್ಮಾಜಿ ಮತ್ತು ಗಂಡ ಚೆನ್ನಬಸವಪ್ಪ ಜೀವಭಯದಿಂದ ಗಡಿ ದಾಟಿ ಓಡಿದರು. ಓಡಿದ್ದು ಎಲ್ಲಿಗೆ? ಮೈಸೂರಿಗೆ. ಇಲ್ಲಿನ ಇಂಗ್ಲಿಷ್ ರೆಸಿಡೆಂಟನ ಆಶ್ರಯಕ್ಕೆ. ರಾಜ ವಾಪಸು ಕೊಡಿ ಎಂದ, ಕಂಪನಿ ಕೊಡಲಿಲ್ಲ. ಮಾತಿಗೆ ಬಂದ ಕಂಪನಿಯ ದೂತ ಕರುಣಾಕರ ಮೆನನ್ನನ್ನು ರಾಜ ಹಿಡಿದಿಟ್ಟುಕೊಂಡ. 1834ರ ಏಪ್ರಿಲ್ 6ರಂದು ಮಡಿಕೇರಿಯಲ್ಲಿ ಕಂಪನಿಯ ಬಾವುಟ ಏರಿತು. ಅಜ್ಜ ಹೈದರನ ಬಳಿ ಹೋಗಿದ್ದ, ಮೊಮ್ಮಗಳು ಕಂಪನಿಯ ಬಳಿ ಬಂದಳು. ದಾರಿ ಅದೇ, ಘಟ್ಟ ಇಳಿದು ಮೈಸೂರಿನ ಕಡೆಗೆ.

ಅತ್ತ ಮೈಸೂರೇನು ನೆಟ್ಟಗಿರಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಾಟಕ್ಕೆ ಕೂಟ ಕಟ್ಟಿ ತಿರುಗಿಬಿದ್ದರು. ಬೂದಿಬಸಪ್ಪ ಎಂಬವನು ತಾನೇ ನಗರದ ಅರಸ ಎಂದ. ದಂಗೆ ಅಡಗಿಸಲು ಬಂದ ಇಂಗ್ಲಿಷರು 1831ರಲ್ಲಿ ಒಡೆಯರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು, ಐವತ್ತು ವರ್ಷ ಕೊಡಲಿಲ್ಲ. ಹೀಗೆ 1834ರಿಂದ ಬೆಂಗಳೂರಿನಲ್ಲಿ ಕೂತ ಮಾರ್ಕ್ ಕಬ್ಬನ್ ಎಂಬ ಒಬ್ಬನೇ ಕಮಿಷನರು ಮೈಸೂರಿಗೂ ಕೊಡಗಿಗೂ. ಎರಡು ಶತಮಾನ ಪರಸ್ಪರ ಕೊಟ್ಟಿಗೆಗೆ ನುಗ್ಗಿದ ಎರಡು ಮನೆಗಳ ಕಡತ ಒಂದೇ ಮೇಜಿನ ಮೇಲೆ.

ಆ ರಾತ್ರಿ ಗೆಳೆಯನ ಮನೆಯಲ್ಲಿ. ಬೆಳಿಗ್ಗೆ ಅವನ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಕರೆದೊಯ್ದ. ಎರಡೂ ಕಡೆ ಮಣ್ಣಿನ ಗೋಡೆಯೆದ್ದ, ಸುತ್ತಿ ಸುತ್ತಿ ಹೋಗುವ ಓಣಿ. ಒಂದೇ ಸಲಕ್ಕೆ ನಾಲ್ಕು ಜನ ನುಗ್ಗಲಾಗದ ಹಾಗೆ ಮಾಡಿದ್ದು ಎಂದ. ತೋಟದಂಚಿನಲ್ಲಿ ಕಾಫಿಗಿಡಗಳ ನಡುವೆ ಒಂದು ಉದ್ದನೆಯ ಕಂದಕ, ಪಕ್ಕದಲ್ಲಿ ಏರಿ, ಏರಿಯ ಮೇಲೆ ನೂರಾರು ವರ್ಷದ ಮರಗಳು. "ಕಡಂಗ" ಎಂದ. ನಾನು ತೋಟದ ಚರಂಡಿ ಎಂದುಕೊಂಡಿದ್ದೆ.

ಕಡಂಗಗಳು ಕೊಡಗಿನಲ್ಲಿ ಗುಡ್ಡ ಹತ್ತಿ ಗದ್ದೆ ಇಳಿದು ಮೈಲಿಗಟ್ಟಲೆ ಓಡುತ್ತವೆ. ಒಂಬತ್ತು, ಹತ್ತನೆಯ ಶತಮಾನದ ಶಾಸನಗಳಲ್ಲೇ ಗಡಿಯ ಗುರುತಾಗಿ ಬರುತ್ತವೆ. ಮೈಸೂರಿನವರನ್ನು ತಡೆಯಲು ತೋಡಿದ್ದೇ ಎಂದು ಕೇಳಿದೆ. ಸ್ವಲ್ಪ ಅಪರಾಧಿಯ ದನಿಯಲ್ಲೇ ಕೇಳಿದೆನೇನೋ. ಅವನು ಜೋರಾಗಿ ನಕ್ಕ. "ಎಲ್ಲಾ ನಿಮ್ಮ ಮೇಲೆ ಹಾಕೋದಕ್ಕೆ ಆಗಲ್ಲ ಮಾರಾಯ. ಇದು ನಮ್ಮ ಪಕ್ಕದ ನಾಡಿನವರನ್ನು ತಡೆಯೋಕೆ." ಹಾಲೇರಿ ಅರಸರಿಗಿಂತ ಮೊದಲು ಕೊಡಗು ನಾಯಕರ ನಾಡು. ಒಂದೊಂದು ನಾಡಿಗೆ ಒಬ್ಬೊಬ್ಬ, ಪಕ್ಕದವನ ಮೇಲೆ ಸದಾ ಕಣ್ಣು. ಆ ಒಳಜಗಳದ ನಡುವೆಯೇ ಇಕ್ಕೇರಿ ಮನೆತನದವನೊಬ್ಬ ಜಂ‌ಗಮನ ವೇಷದಲ್ಲಿ ಹಾಲೇರಿಗೆ ಬಂದು ನೆಲೆನಿಂತು, ಭಕ್ತರನ್ನು ಕೂಡಿಸಿ, ಮೊದಲು ಕಾಣಿಕೆಯ ಭತ್ತ ತೆಗೆದುಕೊಂಡು, ಕೊನೆಗೆ ರಾಜ್ಯ ತೆಗೆದುಕೊಂಡನೆಂಬುದು ಆ ಮನೆತನದ ಹುಟ್ಟಿನ ಕಥೆ. ಜಗಲಿ, ನಡುಮನೆ, ಕಣಜ. ಮತ್ತೆ ಅದೇ.

ಆದರೆ ಮೈಸೂರಿನ ಪಾಲು ಇಲ್ಲ ಎಂದಲ್ಲ. ಗೆಳೆಯನ ಕೈಮಡದಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ಶ್ರೀರಂಗಪಟ್ಟಣಕ್ಕೆ ಹಿಡಿದೊಯ್ದು ತಿರುಗಿ ಬಾರದ ಒಬ್ಬ ಹಿರಿಯನ ಹೆಸರೂ ಹೇಳುತ್ತಾರಂತೆ. ಟಿಪ್ಪುವಿನ ಕಾಲದಲ್ಲಿ ಸೆರೆಹೋದ ಕೊಡವರು ಎಷ್ಟು ಎಂಬ ಸಂಖ್ಯೆ ಬರೆದವರಿಂದ ಬರೆದವರಿಗೆ ಬದಲಾಗುತ್ತದೆ. ಅದರ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಈ ಮನೆಯ ಮಟ್ಟಿಗೆ ಸಂಖ್ಯೆ ಒಂದು. ಆ ಒಂದರ ಬಗ್ಗೆ ಇಪ್ಪತ್ತಾರು ವರ್ಷ ನನ್ನ ಪಕ್ಕದ ಕೌಂಟರಿನಲ್ಲಿ ಕೂತವನು ಬಾಯಿ ಬಿಟ್ಟಿರಲಿಲ್ಲ. ವಿರಾಜಪೇಟೆ ಕಡೆ ಕೊಡವರ ಮನೆಹೆಸರನ್ನೇ ಇಟ್ಟುಕೊಂಡ ಮುಸ್ಲಿಂ ಕುಟುಂಬಗಳಿವೆ, ಒಂದೇ ಒಕ್ಕದ ಎರಡು ಕವಲಿನ ಹಾಗೆ. ಅವರನ್ನು ಅವನು ಮದುವೆಗೆ ಕರೆಯುತ್ತಾನೆ, ಅವರೂ ಬರುತ್ತಾರೆ.

ಗೋಡೆಯ ಮೇಲೆ ಕೋವಿ ತೂಗುಹಾಕಿತ್ತು. ಆಯುಧ ಪೂಜಿಸುವ ಕೈಲ್ ಮುಹೂರ್ತದಂದು ಹೂವಿಟ್ಟ ಗುರುತು ಇನ್ನೂ ಇತ್ತು. ನಮ್ಮ ಕೃಷ್ಣಮೂರ್ತಿಪುರಂನಲ್ಲಿ ಆಯುಧಪೂಜೆಗೆ ನಾವು ಪೂಜಿಸುವುದು ಸ್ಕೂಟರು, ಈಳಿಗೆಮಣೆ, ಅಪ್ಪನ ಜ್ಯಾಮಿಟ್ರಿ ಪೆಟ್ಟಿಗೆ. ಇವರ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಕ್ಕಿನ ಜೊತೆ ಅರಸನ ಕಾಲದಲ್ಲಿ ಗಡಿಯ ಉಕ್ಕಡ ಕಾಯುವ, ಕರೆದಾಗ ಕತ್ತಿ ಹಿಡಿದು ಬರುವ ಹೊಣೆಯಿತ್ತು. ಗಡಿಯಾಚೆ ಮೈಸೂರು ಇಲ್ಲದಿದ್ದರೆ ಉಕ್ಕಡ ಯಾತಕ್ಕೆ? ನಮ್ಮ ದಂಡು ಒಂದು ಸಮುದಾಯದ ಕೈಗೆ ಕೋವಿ ಕೊಟ್ಟಿತು, ಆ ಕೈ ಮುಂದೆ ದೇಶದ ಸೈನ್ಯಕ್ಕೆ ಜನರಲ್‌ಗಳನ್ನು ಕೊಟ್ಟಿತು. ಗಡಿ ಕಾದು ಕಾದು ಒಂದು ಜನ ಹೀಗಾಗುತ್ತಾರೆ. ಗಡಿಯ ಕಡೆ ಬೆನ್ನು ಹಾಕಿ, ದಸರಾ ಜಂಬೂಸವಾರಿ ನೋಡುತ್ತ ಕೂತವರು ನಮ್ಮ ಹಾಗಾಗುತ್ತಾರೆ. ಯುದ್ಧ ಹೂಡಿದವರ ಊರಿನಲ್ಲಿ ಮರೆವು, ಯುದ್ಧ ಬಂದವರ ಮನೆಯಲ್ಲಿ ನೆನಪು. ಮರೆತದ್ದನ್ನೇ ನಾವು ಮೈಸೂರಿನವರು ಇಷ್ಟು ಕಾಲ ಸಜ್ಜನಿಕೆ ಎಂದುಕೊಂಡಿದ್ದೆವು. ಇದು ನನ್ನ ತೀರ್ಮಾನ, ಗೆಳೆಯನದಲ್ಲ. ಅವನು ಇಷ್ಟು ದೊಡ್ಡ ಮಾತು ಆಡುವವನಲ್ಲ.

ಕಡಂಗದ ಒಂದು ಭಾಗ ಹೂತುಹೋಗಿತ್ತು. ಪಕ್ಕದ ತೋಟವನ್ನು ಕೊಂಡವರು ಜೆಸಿಬಿ ತಂದು ರಸ್ತೆಗೆ ಮುಚ್ಚಿಸಿದ್ದಾರೆ. ಅರ್ಧ ಕಿಲೋಮೀಟರು ಆಚೆ, ಕಾಡಂಚಿನಲ್ಲಿ, ಹೊಸ ಕಂದಕವೊಂದನ್ನು ತೋಡಿದ್ದಾರೆ. ಅದು ಆನೆಗೆ.

ಹಿಂದಿರುಗುವಾಗ ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ ಬರುವ ಬಸ್ಸು ಹಿಡಿದೆ. ಗೆಳೆಯ ಒಂದು ಚೀಲ ಕಾಫಿಪುಡಿ ಕೊಟ್ಟು, ಚಿಕೋರಿ ಬೆರೆಸಿದರೆ ನಮ್ಮ ಒಪ್ಪಂದ ಮುರಿದಂತೆ ಎಂದ. ಕೃಷ್ಣಮೂರ್ತಿಪುರಂ ಸೇರಿದಾಗ ರಾತ್ರಿ ಒಂಬತ್ತಾಗಿತ್ತು.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಪಿರಿಯಾಪಟ್ಟಣದ ಕೋಟೆಗೆ ಅಂಥ ಅವಧಿ ಯಾರೂ ಕೊಟ್ಟಿಲ್ಲ. ಮೈಸೂರಿನಿಂದ ಮಡಿಕೇರಿಗೆ ಹೋಗುವವರು ಒಂದು ಗಂಟೆ ಅಲ್ಲಿ ಇಳಿಯಿರಿ. ಬೆಳಗ್ಗೆಯೇ ಹೋಗಿ, ದಿಬ್ಬದ ಮೇಲೆ ನೆರಳಿಲ್ಲ.